ನೀಲಿ ಅಂಗಿಯವರನ್ನು ಮೊದಲು ಬರೆಯಲಿಲ್ಲ

ಬರಹ ಕಳಿಸಿ ಎರಡು ಗಂಟೆಯಾದ ಮೇಲೆ ತಪ್ಪು ಕಣ್ಣಿಗೆ ಬಿತ್ತು.

ರಾಯದುರ್ಗದ ಜೀನ್ಸ್ ಯೂನಿಟ್‌ನಲ್ಲಿ ಅದು ಮಧ್ಯಾಹ್ನದ ಊಟದ ಹೊತ್ತು. ಮೆಷಿನ್‌ಗಳು ನಿಂತಿದ್ದವು. ಚೆಕ್ಕಿಂಗ್ ಟೇಬಲ್ಲಿನ ಪಕ್ಕದಲ್ಲಿ, ಪ್ಯಾಂಟುಗಳ ಕಟ್ಟಿಗೆ ಒರಗಿ ಕೂತು ರೊಟ್ಟಿ ಮುರಿಯುತ್ತಾ ಫೋನಿನಲ್ಲಿ ಪಂದ್ಯಾವಳಿಯ ನಿಯಮಾವಳಿ ತೆರೆದಿದ್ದೆ. ಉದ್ಘಾಟನೆಯ ಸಮಯವನ್ನು ನಮ್ಮ ಗಡಿಯಾರಕ್ಕೆ ಸರಿಯಾಗಿ ಬರೆದಿದ್ದೇನೆಯೇ ಎಂದು ನೋಡಿಕೊಳ್ಳುವುದಷ್ಟೇ ಉದ್ದೇಶ. ಸಮಯ ಸರಿಯಾಗಿತ್ತು. ಅದರ ಕೆಳಗೆ ಎರಡೇ ಸಾಲು: ಈ ಸಲದ ಏಳು ಮ್ಯಾಪ್‌ಗಳಲ್ಲಿ ‘ಬಂದರು’ ಇರುವುದಿಲ್ಲ, ಅದರ ಜಾಗಕ್ಕೆ ‘ಗಣಿ’ ಬಂದಿದೆ.

ರೊಟ್ಟಿ ಕೆಳಗಿಟ್ಟೆ. ನನ್ನ ಇಡೀ ಬರಹ ಬಂದರಿನ ಮೇಲೆ ನಿಂತಿತ್ತು.

ಹಗಲು ನಾನು ಜೀನ್ಸ್ ಪ್ಯಾಂಟುಗಳ ಹೊಲಿಗೆ ಪರೀಕ್ಷಿಸುತ್ತಿದ್ದೆ. ಅದರ ಜೊತೆಗೆ, ಬೆಂಗಳೂರಿನ ಒಂದು ಕನ್ನಡ ಕ್ರೀಡಾ ಜಾಲತಾಣಕ್ಕೆ ಕಂಪ್ಯೂಟರಿನ ಗುಂಡಿನ ಆಟಗಳ ಬಗ್ಗೆ ಬರೆಯುತ್ತಿದ್ದೆ. ಈ ಸಲ ಅವರು ಕೇಳಿದ್ದು ವರ್ಷದ ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿಯ ಮುನ್ನೋಟ. ಜಗತ್ತಿನ ಹದಿನಾರು ತಂಡ, ಪೂರ್ವದ ದೇಶವೊಂದರಲ್ಲಿ ಎರಡು ವಾರ. ಯಾರು ಗೆಲ್ಲಬಹುದು, ಯಾಕೆ, ಎಂದು ಮೊದಲೇ ಬರೆಯಬೇಕು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಆ ಕಡೆ ಐದು ಜನ, ಈ ಕಡೆ ಐದು ಜನ. ಒಂದು ತಂಡ ನುಗ್ಗಿ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೆ ಹೊರಗೆ. ಹನ್ನೆರಡು ಸುತ್ತಿಗೆ ಕಡೆ ಬದಲು, ಮೊದಲು ಹದಿಮೂರು ಸುತ್ತು ಗೆದ್ದವರು ಆ ಮ್ಯಾಪ್ ಗೆದ್ದಂತೆ. ಮ್ಯಾಪ್ ಅಂದರೆ ಆಡುವ ಬಯಲು. ಒಂದೊಂದಕ್ಕೂ ಅದರದೇ ಗೋಡೆ, ಓಣಿ, ಮೆಟ್ಟಿಲು. ಒಂದರಲ್ಲಿ ಹುಲಿಯಾದವರು ಇನ್ನೊಂದರಲ್ಲಿ ಬೆಕ್ಕಾಗಬಹುದು.

ತಂಡಗಳ ಹೆಸರು ಇಲ್ಲಿ ಬೇಡ. ಅಂಗಿಯ ಬಣ್ಣದಿಂದ ಕರೆಯುತ್ತೇನೆ. ಪಶ್ಚಿಮ ಯೂರೋಪಿನ ನೀಲಿ ಅಂಗಿಯವರು ಎಲ್ಲರ ಕಣ್ಮಣಿ. ಇಂಗ್ಲಿಷ್ ಪಟ್ಟಿಗಳೆಲ್ಲದರಲ್ಲೂ ಅವರೇ ಮೊದಲು. ನಾನೂ ಅವರನ್ನೇ ಮೊದಲು ಬರೆದಿದ್ದೆ. ಕಾರಣ, ಬಂದರಿನಲ್ಲಿ ಆರು ತಿಂಗಳಿಂದ ಯಾರೂ ಅವರನ್ನು ಸೋಲಿಸಿರಲಿಲ್ಲ. ಎರಡು ಪ್ಯಾರಾ ತುಂಬ ಅದನ್ನೇ ಕೊಂಡಾಡಿದ್ದೆ. ಇಲ್ಲದ ಬಯಲಿನಲ್ಲಿ ಅವರನ್ನು ಗೆಲ್ಲಿಸಿ ಕೂರಿಸಿದ್ದೆ.

ಹೊರಗೆ, ವಾಷಿಂಗ್‌ಗೆ ಹೋಗಲು ಬಟ್ಟೆ ರಾಶಿ ಹಾಕಿದ್ದ ಕಡೆ ನಿಂತು ಜಾಲತಾಣದ ಡೆಸ್ಕ್‌ನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಬೆಂಗಳೂರಿನವರು, ಒರಟಲ್ಲ, ಯಾವಾಗಲೂ ಅವಸರದವರು.

“ತುಂಬಾ ಚೆನ್ನಾಗಿದೆ ಮೇಡಂ. ಬೆಳಿಗ್ಗೆ ಆರಕ್ಕೆ ಹಾಕ್ತೀವಿ” ಎಂದರು.

“ಹಾಕಬೇಡಿ ಸರ್. ತಪ್ಪಾಗಿದೆ” ಎಂದು ವಿಷಯ ಹೇಳಿದೆ.

ಅವರು ಹೇಳಿದರು: “ಸರಿ, ಆ ಬಂದರು ಅನ್ನೋ ಪದ ತೆಗೆದುಬಿಡೋಣ. ‘ಅದ್ಭುತ ಫಾರ್ಮ್’ ಅಂತ ಹಾಕಿದ್ರೆ ಆಯ್ತು. ನೀಲಿಯವರು ಹೇಗೂ ಫೇವರಿಟ್.”

“ಬಂದರು ತೆಗೆದರೆ ಅವರು ಫೇವರಿಟ್ ಹೌದೋ ಅಲ್ಲವೋ ನನಗೇ ಗೊತ್ತಿಲ್ಲ ಸರ್.”

“ಮೇಡಂ, ನಮ್ಮ ಓದುಗರಿಗೆ ಯಾರು ಗೆಲ್ತಾರೆ ಅನ್ನೋದು ಸಾಕು. ಕನ್ನಡದಲ್ಲಿ ಮ್ಯಾಪ್ ಗೀಪ್ ಎಲ್ಲ ಯಾರು ನೋಡ್ತಾರೆ?”

ಆ ಮಾತು ಅವರು ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಅದಕ್ಕೇ ಹೆಚ್ಚು ನಾಟಿತು. ಹೊರದೇಶಕ್ಕೆ ಹೋಗುವ ಪ್ಯಾಂಟಿಗೆ ಒಂದು ಹೊಲಿಗೆ ತಪ್ಪಿದರೆ ಕಟ್ಟೆಲ್ಲ ವಾಪಸು ಬರುತ್ತದೆ. ನಮ್ಮವರೇ ತೊಡುವ ಮಾಲಾದರೆ ‘ನಡೀತದೆ ಬಿಡು’. ಹತ್ತು ವರ್ಷ ಬಟ್ಟೆ ನೋಡಿದವಳಿಗೆ ಈ ಲೆಕ್ಕಾಚಾರ ಹೊಸದಾಗಿರಲಿಲ್ಲ.

“ನಾನು ನೋಡ್ತೀನಿ ಸರ್,” ಅಂದೆ. “ಬರಹ ನಿಲ್ಲಿಸಿ. ಇಲ್ಲ ಅಂದ್ರೆ ನನ್ನ ಹೆಸರು ತೆಗೆದು ಹಾಕಿ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. “ಗುರುವಾರ ಸಂಜೆ ಐದು ಗಂಟೆ. ಅಷ್ಟರಲ್ಲಿ ಬರದಿದ್ರೆ ಇಂಗ್ಲಿಷ್ ಪಟ್ಟೀನ ಅನುವಾದ ಮಾಡಿಸಿ ಹಾಕ್ತೀನಿ.”

ಅಂದು ಸೋಮವಾರ.

ಫೋನಿನಲ್ಲಿ ಪಂದ್ಯ ನೋಡಿ ಬರೆಯುವುದಕ್ಕೆ ಒಂದು ಮಿತಿ ಇದೆ. ಪ್ರಸಾರದಲ್ಲಿ ಕಾಣುವುದು ಕ್ಯಾಮೆರಾ ಹಿಡಿದವನು ತೋರಿಸಿದ್ದು ಮಾತ್ರ. ಗುಂಡು ಹಾರಿದ ಕಡೆ ಅವನು ಓಡುತ್ತಾನೆ. ಗುಂಡು ಹಾರದ ಕಡೆ ನಿಂತಿರುವ ನಾಲ್ವರು ಏನು ಮಾಡುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಆಯೋಜಕರು ಪೂರ್ತಿ ದಾಖಲೆಯ ಫೈಲ್ ಬಿಡುತ್ತಾರೆ. ಅದನ್ನು ಆಟದೊಳಗೇ ತೆರೆದರೆ ಹತ್ತೂ ಜನರ ಕಣ್ಣಿಂದ ನೋಡಬಹುದು, ಮೇಲಿನಿಂದ ನೋಡಬಹುದು, ಬೇಕಾದ ಸೆಕೆಂಡಿಗೆ ನಿಲ್ಲಿಸಬಹುದು. ಅದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು. ಅಂಥದ್ದು ನನಗೆ ಗೊತ್ತಿದ್ದದ್ದು ಮಡಕಶಿರಾದಲ್ಲಿ, ನನ್ನ ಗೆಳತಿಯ ಆನ್‌ಲೈನ್ ಸೆಂಟರಿನಲ್ಲಿ.

ಅವಳೂ ನಾನೂ ಅಮರಾಪುರದ ಕಡೆಯವರು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಂದೇ ಲೈನಿನಲ್ಲಿದ್ದೆವು, ಒಂದೇ ಹಾಸ್ಟೆಲ್ ಕೋಣೆ. ಭಾನುವಾರ ಮಿಕ್ಕವರು ಮಾರ್ಕೆಟ್ಟಿಗೆ ಹೋದರೆ ನಾವಿಬ್ಬರು ಹತ್ತಿರದ ಗೇಮಿಂಗ್ ಸೆಂಟರಿಗೆ ಹೋಗುತ್ತಿದ್ದೆವು. ಆಟ ಕಲಿತದ್ದು ಅಲ್ಲೇ. ಲಾಕ್‌ಡೌನಿನಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಅವಳು ಮಡಕಶಿರಾಕ್ಕೆ ಬಂದು ಅರ್ಜಿ ತುಂಬುವ ಅಂಗಡಿ ಹಾಕಿದಳು, ನಾನು ಜೀನ್ಸ್ ಕೆಲಸ ಹುಡುಕಿ ರಾಯದುರ್ಗ ಸೇರಿದೆ.

ಮರುದಿನ ಬೆಳಿಗ್ಗೆ ಯೂನಿಟ್‌ನ ಮೇಸ್ತ್ರಿಯ ಮುಂದೆ ನಿಂತು ನಾಲ್ಕು ದಿನ ರಜೆ ಕೇಳಿದೆ.

“ಶುಕ್ರವಾರ ಲೋಡ್ ಹೋಗೋದೈತ್ರಿ. ಈಗ ರಜಾ ಅಂದ್ರ ಹೆಂಗ್ರಿ?” ಎಂದು ಅವರು ಕನ್ನಡಕ ತೆಗೆದರು. “ಯಾಕ, ಮನ್ಯಾಗ ಯಾರಿಗರ ಆರಾಮಿಲ್ಲೇನು?”

ಹೌದು ಎಂದಿದ್ದರೆ ಕೊಟ್ಟುಬಿಡುತ್ತಿದ್ದರು. ಆ ಸುಳ್ಳು ಅಲ್ಲಿ ಎಲ್ಲರೂ ಹೇಳುತ್ತಾರೆ, ಅವರಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ.

“ಎಲ್ಲಾರೂ ಆರಾಮದಾರ್ರಿ. ನಾ ಬರ್ದಿದ್ದು ತಪ್ಪಾಗೈತಿ. ಆಟದ್ದು. ಸರಿ ಮಾಡ್ಬೇಕ್ರಿ.”

“ಆ ಗುಂಡು ಹೊಡಿಯೋ ಆಟಕ್ಕೇನ್ರಿ ರಜಾ?” ಅವರು ಎಷ್ಟು ಜೋರಾಗಿ ನಕ್ಕರೆಂದರೆ ಎರಡು ಸಾಲು ಮೆಷಿನ್ ತಿರುಗಿ ನೋಡಿದವು.

“ಹೌದ್ರಿ. ಆಟಕ್ಕs.”

“ಟೇಬಲ್ ಬ್ಯಾರೇದವ್ರಿಗೆ ಕೊಡ್ತೀನಿ ನೋಡ್ರಿ. ವಾಪಸ್ ಬಂದು ನನ್ನ ಕೇಳಬ್ಯಾಡ್ರಿ.”

“ಕೊಡ್ರಿ.”

ಹಾಗೆಂದದ್ದು ನನ್ನ ಬಾಯೇ ಎಂದು ನಂಬಲು ಗೇಟಿನವರೆಗೆ ನಡೆಯಬೇಕಾಯಿತು. ಗುಂಡಿ ಹಚ್ಚುವ ಮೆಷಿನ್ನಿನ ಅಕ್ಕ, ಡಿ. ಹಿರೇಹಾಳಿನವಳು, ಹಿಂದೆಯೇ ಓಡಿ ಬಂದಳು. “ನೀ ಹೋಗವಾ. ನಾಲ್ಕು ದಿನ ಟೇಬಲ್ ನಾ ನೋಡ್ಕೊಂತೀನಿ ಅಂತ ಹೇಳ್ತೀನಿ. ಒಪ್ಪಿದ್ರ ಒಪ್ಲಿ, ಬಿಟ್ರ ಬಿಡ್ಲಿ.” ಅವಳಿಗೆ ಆಟ ಗೊತ್ತಿರಲಿಲ್ಲ. ನಾನು ಬರೆದದ್ದನ್ನು ಮಾತ್ರ ಫೋನಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

ಕಲ್ಯಾಣದುರ್ಗ, ಪಾವಗಡ, ಮಡಕಶಿರಾ. ಮೂರು ಬಸ್ಸು ಬದಲಿಸಿ ಇಳಿದಾಗ ಮಧ್ಯಾಹ್ನ ಕಳೆದಿತ್ತು. ಗೆಳತಿಯ ಅಂಗಡಿಯಲ್ಲಿ ಜಾತಿ ಪ್ರಮಾಣಪತ್ರ, ಪೆನ್ಷನ್, ಜಮೀನಿನ ಪಾಸ್‌ಪುಸ್ತಕ ಎಂದು ಜನ ಕಿಕ್ಕಿರಿದಿದ್ದರು.

“ಏನೇ ಹಿಂಗ್ ಬಂದ್ಬಿಟ್ಟೆ, ಫೋನಾದ್ರೂ ಮಾಡಾದಲ್ವಾ?” ಎಂದವಳು ವಿಷಯ ಕೇಳಿ ಕಣ್ಣರಳಿಸಿದಳು. “ನೀಲಿಯೋರ್ನ ಕೆಳಿಕ್ ಹಾಕ್ತೀಯಾ? ಬುದ್ಧಿ ನೆಟ್ಟಗೈತಾ ನಿಂಗೆ?”

ಅವಳು ಹಾಸ್ಟೆಲ್ಲಿನ ಕಾಲದಿಂದ ನೀಲಿಯವರ ಭಕ್ತೆ. ಅವರ ದೂರಗುರಿಕಾರನ, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್‌ನ, ಚಿತ್ರ ಅಂಗಡಿಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ ಇತ್ತು.

“ಹಾಕ್ತೀನೋ ಇಲ್ವೋ ಗೊತ್ತಿಲ್ಲ ಕಣೆ. ನೋಡಾಣ ಅಂತ ಬಂದಿವ್ನಿ.”

“ನೋಡು. ನೋಡಿದ್ ಮೇಲೆ ನನ್ ಕಾಲಿಗ್ ಬೀಳ್ತೀಯ.”

ಮೊದಲ ಏಟು ಅಂದೇ ಬಿತ್ತು. ಆಟಕ್ಕೆ ಹೊಸ ಅಪ್‌ಡೇಟ್ ಬಂದಿತ್ತು; ಅದು ಇಳಿಯಲು ಸಂಜೆಯವರೆಗೆ ಹಿಡಿಯಿತು. ಇಳಿದ ಮೇಲೆ ನಾನು ಆರಿಸಿ ತಂದಿದ್ದ ದಾಖಲೆಗಳಲ್ಲಿ ಬಹುಪಾಲು ತೆರೆಯಲೇ ಇಲ್ಲ. ಹಳೆಯ ಆವೃತ್ತಿಯಲ್ಲಿ ಆಡಿದ ಪಂದ್ಯಗಳನ್ನು ಹೊಸ ಆವೃತ್ತಿ ಓದುವುದಿಲ್ಲ. ಉಳಿದದ್ದು ಕಳೆದ ತಿಂಗಳ ಅರ್ಹತಾ ಸುತ್ತಿನ ಫೈಲ್‌ಗಳು ಮಾತ್ರ. ಗಣಿಯಲ್ಲಿ ಆಡಿದ ಪಂದ್ಯಗಳಂತೂ ಬೆರಳೆಣಿಕೆಯಷ್ಟು.

ಅಂಗಡಿಯ ಕೆಲಸ ನಿಲ್ಲಿಸುವಂತಿರಲಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಮತ್ತೆ ಊಟದ ಹೊತ್ತಿನ ಒಂದು ಗಂಟೆ ಕಂಪ್ಯೂಟರ್ ನನ್ನದು ಎಂದು ಒಪ್ಪಂದವಾಯಿತು. ಬುಧವಾರ ಬೆಳಕು ಹರಿಯುವಾಗಲೇ ಷಟರ್ ಎತ್ತಿ ಕೂತೆವು.

ವಿಧಾನ ಸರಳವಾಗಿತ್ತು. ಪ್ರತಿ ಸುತ್ತನ್ನೂ ಇಪ್ಪತ್ತನೇ ಸೆಕೆಂಡಿಗೆ ನಿಲ್ಲಿಸುವುದು. ಮೇಲಿನಿಂದ ನೋಡಿ ಐದು ಜನ ಎಲ್ಲಿ ನಿಂತಿದ್ದಾರೆ ಎಂದು ಹಾಳಾದ ಅರ್ಜಿ ನಮೂನೆಗಳ ಹಿಂಬದಿಯಲ್ಲಿ ಐದು ಚುಕ್ಕೆ ಇಡುವುದು. ಆಮೇಲೆ ಮೊದಲ ಸಾವು ಬಿದ್ದ ಕ್ಷಣಕ್ಕೆ ಹೋಗಿ ಮತ್ತೆ ಚುಕ್ಕೆ ಇಡುವುದು. ಯಾರು ಚೆನ್ನಾಗಿ ಗುಂಡು ಹೊಡೆದರು ಎಂಬುದನ್ನು ಬೇಕೆಂದೇ ಬಿಟ್ಟೆ. ಈ ಮಟ್ಟದಲ್ಲಿ ಎಲ್ಲರೂ ಚೆನ್ನಾಗಿಯೇ ಹೊಡೆಯುತ್ತಾರೆ. ಒಬ್ಬ ಬಿದ್ದಾಗ ಉಳಿದ ನಾಲ್ವರು ಎಲ್ಲಿರುತ್ತಾರೆ, ಅದು ನನಗೆ ಬೇಕಾಗಿತ್ತು.

ಮೊದಲ ಪಂದ್ಯದಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಗೆಳತಿ ಗೆಲುವಿನ ನಗೆ ಬೀರುತ್ತಿದ್ದಳು. ಮೂರನೆಯದು ಗಣಿಯಲ್ಲಿ ನಡೆದದ್ದು. ಏಳನೇ ಸುತ್ತಿಗೆ ಬರುವಷ್ಟರಲ್ಲಿ ಅವಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

“ಇನ್ನೊಂದ್ ಸಲ ಹಿಂದಕ್ಕೆ ಹಾಕು,” ಅಂದೆ.

ಹಾಕಿದಳು. ನೀಲಿಯವರು ನುಗ್ಗುತ್ತಿದ್ದಾರೆ. ಮುಂದಿನ ಇಬ್ಬರು ಹೊಗೆಗುಂಡು ಎಸೆದು ಓಣಿಗೆ ಇಳಿದರು. ಅವರ ದೂರಗುರಿಕಾರ ಹೊಗೆ ತಿಳಿಯಾಗಲಿ ಎಂದು ಹಿಂದೆ ಕಾಯುತ್ತ ನಿಂತ. ಅವನನ್ನು ಕಾಯಲು ಇನ್ನೊಬ್ಬ. ಎದುರಾಳಿಗಳು ಹೊಗೆಯೊಳಗೇ ನುಗ್ಗಿ ಬಂದು ಮುಂದಿನ ಇಬ್ಬರನ್ನೂ ಕೆಡವಿದರು. ಹಿಂದಿನವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಅವ್ನು ಅಲ್ಲೇ ನಿಂತವ್ನೆ,” ಎಂದಳು ಗೆಳತಿ. “ಯಾಕೆ ಅಲ್ಲೇ ನಿಂತವ್ನೆ?”

ಹನ್ನೊಂದನೇ ಸುತ್ತಿನಲ್ಲೂ ಅಲ್ಲೇ ನಿಂತಿದ್ದ. ಹನ್ನೆರಡರಲ್ಲೂ. ಬಂದರಿನಲ್ಲಿ ಇದು ಕಾಣದೇ ಇದ್ದದ್ದಕ್ಕೆ ಕಾರಣ ಆಗ ಹೊಳೆಯಿತು. ಅಲ್ಲಿ ಓಣಿಗಳು ಗಿಡ್ಡ, ಹಿಂದಿನವನು ಎರಡು ಹೆಜ್ಜೆಗೆ ಮುಂದೆ ತಲುಪುತ್ತಾನೆ. ಗಣಿಯಲ್ಲಿ ಅದೇ ಅಭ್ಯಾಸ ಅವರನ್ನು ಕೊಲ್ಲುತ್ತಿತ್ತು. ಪ್ರಸಾರದಲ್ಲಿ ಕ್ಯಾಮೆರಾ ಪ್ರತಿ ಸಲವೂ ಸಾಯುವವರ ಕಡೆಗೇ ಇತ್ತು. ನಿಂತವನನ್ನು ಯಾರೂ ತೋರಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕಾದಿದ್ದ ಮುದುಕರೊಬ್ಬರು ಒಳಗೆ ಬಂದು ಪರದೆಯನ್ನೂ ನನ್ನ ಚುಕ್ಕೆಗಳನ್ನೂ ಬಗ್ಗಿ ನೋಡಿದರು. ಹೆಗಲ ಮೇಲೆ ಕಂಬಳಿ, ಕೈಲಿ ಜಮೀನಿನ ಪಾಸ್‌ಪುಸ್ತಕ. “ಇದು ಯಾವ ಸರ್ವೆ ನಂಬರ್ ತಾಯಿ? ನಮ್ ಹೊಲದ ಮಗ್ಗುಲಾಗಲ್ವಾ?” ಎಂದು ಕೇಳಿದರು.

“ಇದು ಹೊಲ ಅಲ್ಲ ತಾತ, ಆಟ” ಎಂದಳು ಗೆಳತಿ.

“ಆಟಕ್ಕೂ ಪಟಾ ಬಿಡಿಸ್ತೀರಾ?” ಎಂದು ಅವರು ಬೆರಗಾಗಿ ಕೂತರು. ಒಂಬತ್ತೂವರೆಯಾಗಿತ್ತು. ಚುಕ್ಕೆಯ ಹಾಳೆಗಳನ್ನು ಬಾಚಿಕೊಂಡು ಎದ್ದೆ.

ಮಧ್ಯಾಹ್ನ ಅಮರಾಪುರದಿಂದ ಅಣ್ಣ ಬೈಕಿನಲ್ಲಿ ಮುದ್ದೆ, ಸೊಪ್ಪಿನ ಸಾರು ತಂದುಕೊಟ್ಟ. “ಇಷ್ಟ್ ಹತ್ರಕ್ ಬಂದು ಮನೀಗ್ ಬರಲ್ಲ ಅಂದ್ರೆ ಅಮ್ಮ ಬೈತಾವ್ಳೆ” ಎಂದ. ಬೈಯಲಿ, ಗುರುವಾರ ಕಳೆದ ಮೇಲೆ ಬಂದು ಬೈಸಿಕೊಳ್ತೀನಿ ಅಂದೆ. ಅವನು ಹೋದ ಮೇಲೆ ಹಸಿರು ಅಂಗಿಯವರ ಫೈಲ್ ತೆರೆದೆವು.

ದಕ್ಷಿಣ ಅಮೆರಿಕದ ತಂಡ. ಪಟ್ಟಿಗಳಲ್ಲಿ ಎಂಟನೆಯದೋ ಒಂಬತ್ತನೆಯದೋ. ಅವರಲ್ಲಿ ತಾರೆ ಎನ್ನುವಂಥವರಿಲ್ಲ. ಮೊದಲ ಸಾವು ಹೆಚ್ಚಾಗಿ ಅವರದೇ. ಆದರೆ ನನ್ನ ಹಾಳೆಗಳಲ್ಲಿ ಅವರ ಚುಕ್ಕೆಗಳು ಯಾವಾಗಲೂ ಜೋಡಿಯಾಗಿದ್ದವು. ಒಬ್ಬ ಬಿದ್ದರೆ ಅವನನ್ನು ಕೆಡವಿದವನು ಬಂದೂಕು ತಿರುಗಿಸುವ ಮೊದಲೇ ಪಕ್ಕದವನ ಗುಂಡಿಗೆ ಬೀಳುತ್ತಿದ್ದ. ಆಟದವರು ಇದಕ್ಕೆ ಟ್ರೇಡ್ ಎನ್ನುತ್ತಾರೆ. ನನಗೆ ಬಂದ ಮಾತು ಮುಯ್ಯಿ. ಕೊಟ್ಟದ್ದಕ್ಕೆ ತಿರುಗಿ ಕೊಡುವುದು, ಮದುವೆಮನೆಯಲ್ಲಾಗಲಿ ಜಗಳದಲ್ಲಾಗಲಿ. ಹಸಿರಿನವರು ಯಾವ ಮ್ಯಾಪ್‌ನಲ್ಲೂ ಮುಯ್ಯಿ ಬಾಕಿ ಉಳಿಸಿಕೊಳ್ಳುತ್ತಿರಲಿಲ್ಲ. ಗಣಿಯ ಉದ್ದದ ಓಣಿಗಳಲ್ಲೂ.

ಗೆಳತಿ ಚುಕ್ಕೆಯ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಕಡೆಗೆ ಅಂದಳು: “ನೀನು ಬರಿ. ನಾನು ಮಾತ್ರ ನೀಲಿನೇ.”

ಗುರುವಾರ ಬೆಳಿಗ್ಗೆ ಉಳಿದ ತಂಡಗಳಿಗೆ ಕೂತೆವು. ಉತ್ತರ ಯೂರೋಪಿನ ಬಿಳಿ ಅಂಗಿಯವರಿಗೆ ಮೂರನೇ ಸ್ಥಾನ. ತಡೆಯುವುದರಲ್ಲಿ ಗಟ್ಟಿ, ನುಗ್ಗುವುದರಲ್ಲಿ ಹಿಂಜರಿಕೆ. ಪೂರ್ವ ಯೂರೋಪಿನ ಕೆಂಪು ಅಂಗಿಯವರ ಹೊತ್ತಿಗೆ ಸಮಯ ಮುಗಿಯುತ್ತ ಬಂದಿತ್ತು. ಹಳೆಯ ಆಟಗಾರರ ತಂಡ. ಒಂದೇ ಪಂದ್ಯ ನೋಡಿ ಐದನೆಯದಾಗಿ ಬರೆದೆ: ‘ಅನುಭವವಿದೆ, ಕೈಯ ವೇಗ ಹೋಗಿದೆ.’ ಆ ಸಾಲು ಬರೆಯುವಾಗಲೇ ಒಂದು ಪಂದ್ಯ ಸಾಲದು ಎಂದು ಒಳಗೆ ಅನ್ನಿಸಿತ್ತು. ಆದರೂ ಬರೆದೆ.

ಹಸಿರು ಮೊದಲು, ನೀಲಿ ನಾಲ್ಕನೆಯದು. ನಾಲ್ಕೂಮುಕ್ಕಾಲಿಗೆ ಕಳಿಸಿದೆ. ಐದು ನಿಮಿಷದಲ್ಲಿ ಮುಖ್ಯಸ್ಥರ ಫೋನ್.

“ಮೇಡಂ, ನೀಲಿ ನಾಲ್ಕನೇದಾ? ಕಾಮೆಂಟ್ಸ್‌ನಲ್ಲಿ ನಮ್ಮನ್ನ ತಿಂದುಬಿಡ್ತಾರೆ.”

“ತಿನ್ನಲಿ ಸರ್. ಯಾಕೆ ಅಂತ ಬರೆದಿದೀನಿ. ಚುಕ್ಕೆ ಹಾಕಿದ ಹಾಳೆಗಳ ಫೋಟೋನೂ ಇದೆ, ಹಾಕಿ.”

“ಈ ಮುಯ್ಯಿ ಅಂದ್ರೇನು? ಟ್ರೇಡ್ ಅಂತ ಮಾಡಿಸ್ತೀನಿ.”

“ಮುಯ್ಯಿ ಅಂದ್ರೆ ಏನು ಅಂತ ನಿಮ್ಮ ಮನೇಲಿ ಯಾರನ್ನಾದ್ರೂ ಕೇಳಿ. ಅದು ಹಾಗೇ ಇರಲಿ ಸರ್. ಮ್ಯಾಪ್‌ಗಳ ಹೆಸರು ಇರಲಿ. ಪಟ್ಟಿ ಹಾಗೇ ಇರಲಿ. ಕೆಳಗೆ ನನ್ನ ಹೆಸರು, ರಾಯದುರ್ಗ ಅಂತ ಊರಿನ ಹೆಸರು ಹಾಕಿ. ಬೈಯೋರು ನನ್ನನ್ನ ಬೈಲಿ.”

ಹಾಕಿದರು. ಬೈದರು. ‘ಪ್ಯಾಂಟ್ ಹೊಲಿಯೋಳಿಗೆ ಇದೆಲ್ಲ ಯಾಕೆ’ ಎಂದು, ರಾಯದುರ್ಗವೆಂದರೆ ಜೀನ್ಸ್ ಊರೆಂದು ಬಲ್ಲ ಒಬ್ಬ ಬರೆದಿದ್ದ. ನಾನು ಹೊಲಿಯುವವಳಲ್ಲ, ಹೊಲಿಗೆಯಲ್ಲಿ ತಪ್ಪು ಹುಡುಕುವವಳು ಎಂದು ಅವನಿಗೆ ಉತ್ತರಿಸಿದೆ. ಮಿಕ್ಕವರಿಗೆ ಉತ್ತರಿಸಲಿಲ್ಲ.

ಶುಕ್ರವಾರ ಅಮರಾಪುರಕ್ಕೆ ಹೋಗಿ ಅಮ್ಮನಿಂದ ಬೈಸಿಕೊಂಡೆ. ಶನಿವಾರ ಯೂನಿಟ್‌ಗೆ ಹೋದಾಗ ಟೇಬಲ್ಲಿನಲ್ಲಿ ಬೇರೆಯವಳಿದ್ದಳು. ಗುಂಡಿ ಮೆಷಿನ್ನಿನ ಅಕ್ಕನ ಮಾತಿಗೆ ಮೇಸ್ತ್ರಿ ಒಪ್ಪಿರಲಿಲ್ಲ. ನನ್ನನ್ನು ದಾರ ಕತ್ತರಿಸುವ ಸಾಲಿಗೆ ಹಾಕಿದರು. ಹೊಸದಾಗಿ ಸೇರಿದವರ ಕೆಲಸ ಅದು. ಪುಟ್ಟ ಕತ್ತರಿ ಹಿಡಿದು, ನೆಲದ ಮೇಲೆ ಕೂತು, ಪ್ಯಾಂಟಿನ ಅಂಚಿನಲ್ಲಿ ಉಳಿದ ಎಳೆಗಳನ್ನು ಕತ್ತರಿಸುತ್ತ ಹೋದೆ. ಬೆರಳಿಗೆ ಬೊಬ್ಬೆ ಬಂತು. ಮೇಸ್ತ್ರಿ ಎರಡು ಸಲ ಪಕ್ಕದಲ್ಲೇ ಹಾದು ಹೋದರು. ನಾನು ತಲೆ ಎತ್ತಲೂ ಇಲ್ಲ, ಕೇಳಲೂ ಇಲ್ಲ.

ಎರಡನೇ ವಾರ ಎಂಟರ ಘಟ್ಟದ ಪಂದ್ಯ. ನಮ್ಮ ಊಟದ ಹೊತ್ತಿಗೇ ನೀಲಿ ಮತ್ತು ಬಿಳಿ ಎದುರಾದರು, ತಲಾ ಒಂದು ಮ್ಯಾಪ್ ಗೆದ್ದ ಮೇಲೆ ತೀರ್ಮಾನದ ಮೂರನೇ ಮ್ಯಾಪ್ ಗಣಿ. ಪ್ಯಾಂಟಿನ ಕಟ್ಟಿಗೆ ಫೋನ್ ಒರಗಿಸಿಟ್ಟೆ. ಅಕ್ಕ ಪಕ್ಕಕ್ಕೆ ಬಂದು ಕೂತಳು. ಸುತ್ತ ಆರೇಳು ಹೆಂಗಸರು.

“ಯಾರವಾ ಆ ಹಿಂದ ನಿಂತಾಂವ? ನೀ ಬರ್ದಾಂವ ಅವನs ಏನು?” ಎಂದಳು ಅಕ್ಕ.

ಹೌದು, ಅವನೇ. ಹೊಗೆ ಹರಡಿತು, ಅವನು ಹಿಂದೆ ನಿಂತ, ಬಿಳಿಯವರು ಹೊಗೆಯೊಳಗೆ ನುಗ್ಗಿದರು. ನೀಲಿ ಅಂಗಿಯವರು ಆ ದಿನ ಮನೆಗೆ ಹೋದರು. ಮಡಕಶಿರಾದಿಂದ ಗೆಳತಿಯ ಸಂದೇಶ ಬಂತು, ಒಂದೇ ಪದ: ‘ಸುಮ್ನಿರು.’

ಆ ಸಂಜೆ ಮುಖ್ಯಸ್ಥರು ನನ್ನ ಬರಹವನ್ನು ಮತ್ತೆ ಮೊದಲ ಪುಟಕ್ಕೆ ಏರಿಸಿದರು. ಎರಡು ದಿನ ಅದು ಅಲ್ಲಿತ್ತು. ಮೂರನೇ ದಿನ ನಾಲ್ಕರ ಘಟ್ಟದಲ್ಲಿ ಹಸಿರು ಅಂಗಿಯವರನ್ನು ಕೆಂಪು ಅಂಗಿಯವರು ಸೋಲಿಸಿದರು. ಕೈಯ ವೇಗ ಹೋಗಿದೆ ಎಂದು ನಾನು ಬರೆದಿದ್ದ ಅದೇ ತಂಡ. ಜೋಡಿಯಾಗಿ ಬರುವವರನ್ನು ಅವರು ಒಂದೇ ಹೊಗೆಗುಂಡಿನಿಂದ ಎರಡು ಮಾಡಿಬಿಟ್ಟರು, ಮುಯ್ಯಿಗೆ ಅವಕಾಶವೇ ಕೊಡಲಿಲ್ಲ. ಭಾನುವಾರ ಪ್ರಶಸ್ತಿಯನ್ನೂ ಎತ್ತಿದರು.

ಸೋಮವಾರ ಮುಖ್ಯಸ್ಥರು ಫೋನ್ ಮಾಡಿದರು. ದನಿ ಮೆತ್ತಗಿತ್ತು. “ಮೇಡಂ, ಮುನ್ನೋಟ ತೆಗೆದುಬಿಡೋಣ್ವಾ? ಚಾಂಪಿಯನ್‌ನ ಐದನೇದು ಅಂತ ಬರೆದಿದೀವಿ. ಎಲ್ಲರೂ ಹೀಗೇ ಮಾಡ್ತಾರೆ, ತಪ್ಪಿಲ್ಲ. ನಿಮ್ಮ ಹೆಸರಿಗೂ ಒಳ್ಳೇದು.”

ನನ್ನ ಮುಂದೆ ಕತ್ತರಿಸಬೇಕಾದ ಪ್ಯಾಂಟುಗಳು ಸೊಂಟದೆತ್ತರ ಬಿದ್ದಿದ್ದವು. ಮೇಸ್ತ್ರಿ ಆಚೆ ಕಡೆಯಿಂದ ನೋಡುತ್ತಿದ್ದರು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕತ್ತರಿ ಆಡಿಸುತ್ತಲೇ ಹೇಳಿದೆ:

“ತೆಗೀಬೇಡಿ ಸರ್. ಒಂದು ಅಕ್ಷರಾನೂ ಮುಟ್ಟಬೇಡಿ. ಕೆಳಗೆ ಸ್ವಲ್ಪ ಜಾಗ ಬಿಡಿ, ನಾನು ಸಂಜೆ ಬರೆದು ಕಳಿಸ್ತೀನಿ.”

ಸಂಜೆ ಕೋಣೆಗೆ ಬಂದು, ಬೊಬ್ಬೆ ಬಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಆರು ಸಾಲು ಬರೆದೆ. ಹಸಿರಿನವರು ಗೆಲ್ಲುತ್ತಾರೆ ಎಂದಿದ್ದೆ, ಗೆಲ್ಲಲಿಲ್ಲ. ಕೆಂಪಿನವರ ಒಂದೇ ಪಂದ್ಯ ನೋಡಿ ಅವರ ಕೈಯ ವೇಗದ ಬಗ್ಗೆ ತೀರ್ಪು ಕೊಟ್ಟೆ. ಅದು ಅವರ ಕೈಯ ನಿಧಾನವಲ್ಲ, ನನ್ನ ಸೋಮಾರಿತನ. ಮುಂದಿನ ಸಲ ಎಲ್ಲ ತಂಡಗಳ ಪಂದ್ಯಗಳನ್ನೂ ಒಂದೇ ಅಳತೆಯಲ್ಲಿ ಕೂತು ನೋಡುತ್ತೇನೆ. ಕೆಳಗೆ ಹೆಸರು, ಊರು.

ಮರುದಿನ ಬೆಳಿಗ್ಗೆ ನೋಡಿದಾಗ ಆ ಆರು ಸಾಲು ಹೇಗಿದ್ದವೋ ಹಾಗೇ ಬಂದಿದ್ದವು. ಫೋನ್ ಸೊಂಟಕ್ಕೆ ಸಿಕ್ಕಿಸಿ, ಕತ್ತರಿ ತೆಗೆದುಕೊಂಡು ನೆಲಕ್ಕೆ ಕೂತೆ.